ತಕರಾರು ಬುಟ್ಟಿಗೆ ಬಿದ್ದ ಮಾತುಗಳು

ಆಸ್ಪತ್ರೆ, ಹೋಟೆಲುಗಳ ಬಟ್ಟೆ ಒಗೆಯುವ ಆ ದೊಡ್ಡ ಲಾಂಡ್ರಿಯಲ್ಲಿ ಇಸ್ತ್ರಿಯಕ್ಕನ ಬಲಗೈ ಸುಟ್ಟು ಮೂರು ವಾರವಾಗಿತ್ತು. ಎರಡನೇ ನಂಬರಿನ ಯಂತ್ರದ ಬಿಸಿ ಹಲಗೆ ಇಳಿಯುವಾಗ ಕೈ ಅಡ್ಡ ಬಂದರೆ ತಾನೇ ಮೇಲೇಳಬೇಕು. ಅದಕ್ಕೆಂದೇ ಒಂದು ತಡೆಕಂಬಿ ಇತ್ತು. ಕಂಬಿ ಕೆಟ್ಟಿತ್ತು, ಹಲಗೆ ಏಳಲಿಲ್ಲ. ಬರುವ ಸೋಮವಾರ ಅವಳು ರಜೆ ಮುಗಿಸಿ ಕೆಲಸಕ್ಕೆ ಬರಬೇಕಿತ್ತು. ಯಂತ್ರ ಮಾತ್ರ ಹಾಗೇ ಇತ್ತು. "ಸಂಘದ ಠರಾವು ತನ್ನಿ, ನಿಲ್ಲಿಸ್ತೀನಿ" ಎಂದು ಮ್ಯಾನೇಜರು ಕೈತೊಳೆದುಕೊಂಡಿದ್ದ.

ಸಂಘದಲ್ಲಿ ಎರಡು ಬಣ. ಒಗೆಯುವವರಿಗೆ ಅವಳ ಭಾವ, ಅಂದರೆ ಗಂಡನ ಅಣ್ಣ, ಮುಖಂಡ. ಇಸ್ತ್ರಿಯವರಿಗೆ ಮೇಷ್ಟ್ರು. ಅವನು ಯಾರಿಗೂ ಪಾಠ ಹೇಳಿದವನಲ್ಲ. ದಿನಾ ಮೂರು ಪೇಪರು ಓದಿ ಉಳಿದವರ ತಲೆ ತಿನ್ನುತ್ತಿದ್ದುದಕ್ಕೆ ಬಿದ್ದ ಹೆಸರು. ಹಿಂದಿನ ಸಭೆಯಲ್ಲಿ ಒಬ್ಬ "ಸರ್ವಾಧಿಕಾರಿ" ಎಂದ, ಇನ್ನೊಬ್ಬ "ದ್ರೋಹಿ" ಎಂದ, ಆಮೇಲೆ ಕುರ್ಚಿಗಳು ಮಾತಾಡಿದವು. ಈ ಸಲ ಇಬ್ಬರಿಗೂ ಬುದ್ಧಿ ಬಂದಿತ್ತು. ಮೊದಲು ಪದಗಳ ಅರ್ಥಕ್ಕೆ ಒಪ್ಪಿಗೆ, ವಾದ ಆಮೇಲೆ.

ಲಾಂಡ್ರಿಯಲ್ಲಿ ಒಂದು ಪದ್ಧತಿಯಿತ್ತು. ಒಂದೇ ಬಟ್ಟೆಯನ್ನು ಇಬ್ಬರು ಗಿರಾಕಿಗಳು ತಮ್ಮದೆಂದರೆ ಅದು ಹದಿನೈದು ದಿನ ತಕರಾರು ಬುಟ್ಟಿಯಲ್ಲಿರಬೇಕು. ಅಲ್ಲಿಯತನಕ ಇಬ್ಬರಿಗೂ ಇಲ್ಲ. ಪದಗಳಿಗೂ ಇದೇ ಸರಿ ಎಂದು ಭಾವ ಸೂಚಿಸಿದ, ಮೇಷ್ಟ್ರು ಚಪ್ಪಾಳೆ ತಟ್ಟಿದ. ಬಟ್ಟೆಗೆ ಕಟ್ಟುವ ಚೀಟಿಯ ಮೇಲೆ ಪದ ಬರೆಯುವುದು. ಇಬ್ಬರ ಅರ್ಥವೂ ಒಂದಾದರೆ ಹಗ್ಗಕ್ಕೆ ಸಿಕ್ಕಿಸುವುದು. ಬೇರೆಯಾದರೆ ಬುಟ್ಟಿಗೆ, ಹದಿನೈದು ದಿನ ಸಂಘದ ಕೆಲಸದಲ್ಲಿ ಯಾರೂ ಆಡುವಂತಿಲ್ಲ.

ಗುರುವಾರ ಬೆಳಿಗ್ಗೆ ಶುರುವಾಯಿತು. ಚಹಾದ ಹೊತ್ತಿಗೆ ನ್ಯಾಯ, ಹಕ್ಕು, ಬಹುಮತ, ಶಿಸ್ತು, ಮುಷ್ಕರ ಎಲ್ಲ ಬುಟ್ಟಿ ಸೇರಿದ್ದವು. "ಅಪಾಯ" ಬಂದಾಗ ಇಸ್ತ್ರಿಯಕ್ಕ ಬ್ಯಾಂಡೇಜು ಸುತ್ತಿದ ಕೈಯನ್ನು ಮೇಜಿನ ಮೇಲಿಟ್ಟಳು.

"ನೋಡಿ ಭಾವ, ಅರ್ಥ ಇಲ್ಲೇ ಇದೆ."

"ನಿನ್ನ ಕೈ ನೋಡಿದ್ರೆ ನಂಗೆ ಸಂಕಟ ಆಗಲ್ವೇನಮ್ಮಾ?" ಎಂದ ಭಾವ. "ಆದ್ರೆ ನಮ್ಮೋರ ಮೈಮೇಲೆ ದಿನಾ ಬಿಸಿನೀರು ಬೀಳುತ್ತೆ. ಅದನ್ನ ನಾವು ಕೆಲಸ ಅಂತೀವಿ."

"ನಾವು ಅಪಾಯ ಅಂತೀವಿ" ಎಂದ ಮೇಷ್ಟ್ರು.

"ಬುಟ್ಟಿಗೆ!" ಇಬ್ಬರೂ ಒಟ್ಟಿಗೇ ಕೂಗಿದರು. ಅವರ ಮುಖದಲ್ಲಿ ಮದುವೆ ಮಾತುಕತೆ ಮುಗಿಸಿದವರ ನೆಮ್ಮದಿಯಿತ್ತು.

ಶುಕ್ರವಾರ "ನಾವು" ಕೂಡ ಹೋಯಿತು. ಅದರಲ್ಲಿ ಯಾರು ಯಾರು ಸೇರುತ್ತಾರೆಂದು ಎರಡು ತಾಸು ಎಣಿಸಿ ಕೈಬಿಟ್ಟರು. ಕೊನೆಗೆ ಹಗ್ಗದ ಮೇಲೆ ಉಳಿದದ್ದು ಕಿಟಕಿ, ಸಾಬೂನು, ಒದ್ದೆ, ಮಂಗಳವಾರ. ಮಂಗಳವಾರವೂ ಸುಲಭಕ್ಕೆ ಬಂದಿರಲಿಲ್ಲ.

ಶನಿವಾರ ಸಭೆ ಸೇರಿತು. ಭಾವ ಎದ್ದು ಗಂಟಲು ಸರಿಮಾಡಿಕೊಂಡ.

"ಸಾಬೂನು ಒದ್ದೆ."

ಮೇಷ್ಟ್ರು ಬಹಳ ಹೊತ್ತು ಯೋಚಿಸಿದ. "ಒದ್ದೆ."

ಸದಸ್ಯರು ತಲೆದೂಗಿದರು. ಹೀಗೇ ನಲವತ್ತು ನಿಮಿಷ ನಡೆದು, ಮುಖಂಡರಿಬ್ಬರೂ ಕೈಕುಲುಕಿ ಹೊರಬಂದರು. ಒಂದು ಕುರ್ಚಿಯೂ ಅಲುಗಿರಲಿಲ್ಲ.

"ಇಂಥ ಮರ್ಯಾದಸ್ಥ ಸಭೆ ನನ್ನ ಜನ್ಮದಲ್ಲೇ ಕಂಡಿರ್ಲಿಲ್ಲ" ಎಂದ ಮೇಷ್ಟ್ರು.

"ಠರಾವು?" ಎಂದಳು ಇಸ್ತ್ರಿಯಕ್ಕ.

"ಶ್, ಅದು ಬುಟ್ಟೀಲಿದೆ ಕಣಮ್ಮಾ" ಎಂದ ಭಾವ.

"ಸೋಮವಾರ ನನ್ನ ಎಡಗೈಯೂ ಹೋದ್ರೆ ಅದಕ್ಕೇನಂತೀರಿ ಭಾವ? ಮಂಗಳವಾರ ಅಂತೀರಾ?"

ಭಾವನಿಗೆ ಹಾಗನ್ನಬಹುದೋ ಬಾರದೋ ಗೊತ್ತಾಗಲಿಲ್ಲ. ಅವನು ಮೇಷ್ಟ್ರ ಮುಖ ನೋಡಿದ.

ಸೋಮವಾರ ಅವಳು ಎಲ್ಲರಿಗಿಂತ ಮೊದಲು ಬಂದಳು. ಗೋಡೆಯ ಪೆಟ್ಟಿಗೆ ತೆರೆದು ಎರಡನೇ ಯಂತ್ರದ ಫ್ಯೂಸು ಕಿತ್ತಳು, ಕೈಚೀಲಕ್ಕೆ ಹಾಕಿದಳು, ಸ್ಟೂಲಿನ ಮೇಲೆ ಕೂತಳು. ಮ್ಯಾನೇಜರು ಶಿಕ್ಷೆಯ ಫಾರಮ್ಮು ಹಿಡಿದು ಬಂದ. ಅದಕ್ಕೆ ಸಂಘದ ಮುಖಂಡರಿಬ್ಬರ ಸಹಿ ಬೇಕಿತ್ತು.

"ಏನ್ರೀ ಇದು, ಮುಷ್ಕರವಾ?"

"ಆ ಪದ ಇನ್ನೂ ಹನ್ನೊಂದು ದಿನ ಸಿಗಲ್ಲ ಸಾರ್" ಎಂದ ಮೇಷ್ಟ್ರು.

"ಶಿಸ್ತು ಮುರಿದಿದ್ದಾಳೆ ಅಂತ ಬರೀಲಾ?"

"ಶಿಸ್ತೂ ಬುಟ್ಟೀಲೇ ಇದೆ. ಬರೆದ್ರೆ ನಾನು ಸಹಿ ಹಾಕಲ್ಲ" ಎಂದ ಭಾವ.

"ನಿಮ್ಮ ಬುಟ್ಟಿಗೆ ಬೆಂಕಿ ಬೀಳ! ಕಣ್ಮುಂದೆ ಆಗಿರೋದಕ್ಕೆ ಏನೋ ಒಂದು ಅನ್ನಿ!"

ಮುಖಂಡರಿಬ್ಬರೂ ಯಂತ್ರವನ್ನು ನೋಡಿದರು.

"ನಿಂತಿದೆ" ಎಂದ ಭಾವ, ಅಳುಕುತ್ತ.

ಮೇಷ್ಟ್ರು ಯಂತ್ರದ ಸುತ್ತ ಒಂದು ಸುತ್ತು ಬಂದ. "ಹೌದು. ನಿಂತಿದೆ."

ಕಾರಣವಿಲ್ಲದೆ ನಿಂತ ಯಂತ್ರಕ್ಕೆ ಮ್ಯಾನೇಜರ ಬಳಿ ಇದ್ದದ್ದು ಒಂದೇ ಫಾರಮ್ಮು, ರಿಪೇರಿಯದು. ಹಲ್ಲು ಕಡಿಯುತ್ತ ಅದನ್ನೇ ತುಂಬಿದ.

ಹನ್ನೊಂದಕ್ಕೆ ಮೆಕ್ಯಾನಿಕ್ ಬಂದು ತಡೆಕಂಬಿಯನ್ನು ಬೆರಳಲ್ಲಿ ಅಲ್ಲಾಡಿಸಿ ಹೌಹಾರಿದ. "ಇದನ್ನಿಟ್ಕೊಂಡು ಕೆಲಸ ಮಾಡಿಸ್ತಿದ್ರಾ? ಅಪಾಯ ಕಣ್ರೀ!"

"ಶ್!" ಎಂದರು ಇಬ್ಬರೂ.

ಅವನು ಸ್ಪ್ರಿಂಗು ಬದಲಿಸಿ, ಬೋಲ್ಟು ಬಿಗಿದ. ಇಸ್ತ್ರಿಯಕ್ಕ ಫ್ಯೂಸು ಹಾಕಿ, ಟವೆಲನ್ನು ಉಂಡೆ ಮಾಡಿ ಕಂಬಿಯ ಕೆಳಗೆ ತುರುಕಿ, ಪೆಡಲು ಒತ್ತಿದಳು. ಹಲಗೆ ಇಳಿಯಿತು, ಕಂಬಿ ಟವೆಲಿಗೆ ತಗುಲಿತು, ಹಲಗೆ ಮೇಲೆದ್ದಿತು. ಮತ್ತೆರಡು ಸಲ ಒತ್ತಿದಳು. ಅವಳ ಬೆನ್ನ ಹಿಂದೆ, ಇದು ಯಾವ ಬಣದಿಂದ ಆದದ್ದೆಂದು ಜೋರು ಮಾತು ಶುರುವಾಗಿತ್ತು. ಅವಳು ತಿರುಗಿ ನೋಡಲಿಲ್ಲ.

"ಸರಿಯಾಯ್ತು. ಈಗ ಕೈ ಇಟ್ಟು ನೋಡಮ್ಮಾ, ಏನೂ ಆಗಲ್ಲ" ಎಂದ ಮೆಕ್ಯಾನಿಕ್.

"ಮೊದಲು ನೀವಿಡಿ ಅಣ್ಣ."

ಮೆಕ್ಯಾನಿಕ್ ಹಲಗೆ ನೋಡಿದ, ತನ್ನ ಕೈ ನೋಡಿಕೊಂಡ. ಆಮೇಲೆ ಬಗ್ಗಿ, ಆಗಲೇ ಬಿಗಿದಿದ್ದ ಬೋಲ್ಟಿಗೆ ಇನ್ನೊಮ್ಮೆ ಸ್ಪ್ಯಾನರು ಹಾಕಿದ.