ಸುಣ್ಣದ ಗೆರೆಯ ಆಚೆ ಈಚೆ

"ಎರಡೇ ಸಲ ಭಾವ, ಜಾಸ್ತಿ ಬೇಡ. ಒಂದ್ಸಲ ಬಾಗ್ಲಿಗೆ, ಒಂದ್ಸಲ ಮೇಜಿಗೆ. ಡಿಕ್ಕಿ ಹೊಡ್ಕೊಂಡು 'ಅಯ್ಯಮ್ಮಾ' ಅನ್ನಿ. ಪೆನ್ಶನ್ ತಾನಾಗೇ ವಾಪಸ್ ಬರುತ್ತೆ."

ಹೀಗೆಂದು ಚಲುವರಾಜು ತಾನು ತಂದಿದ್ದ ಬಿದಿರು ಕೋಲನ್ನು ಗೋಡೆಗೆ ಒರಗಿಸಿದ. ಕೋಲಿಗೆ ಬಿಳಿ ಬಣ್ಣ ಬಳಿದಿದ್ದ. ಬಣ್ಣ ಇನ್ನೂ ಪೂರ್ತಿ ಒಣಗದೆ ಅವನ ಖಾಕಿ ಪ್ಯಾಂಟಿಗೂ ಸ್ವಲ್ಪ ಮೆತ್ತಿಕೊಂಡಿತ್ತು. ಆಮೇಲೆ ಜೇಬಿಗೆ ಕೈಹಾಕಿ ಒಂದು ಕಪ್ಪು ಕನ್ನಡಕವನ್ನೂ ತೆಗೆದ. ಬಿ.ಟಿ.ಎಸ್. ಬಸ್ಸಿನ ಕಂಡಕ್ಟರ್ ಅವನು, ಸಾಮಾನು ಹೊಂದಿಸುವುದರಲ್ಲಿ ಎತ್ತಿದ ಕೈ.

ಅವನ ಅಕ್ಕ ಅಂಜನಮ್ಮ ಅಂಗಳದಲ್ಲಿ ಕೂತು ದಂಟಿನ ಸೊಪ್ಪು ಕಟ್ಟು ಕಟ್ಟುತ್ತಿದ್ದಳು. ತಲೆ ಎತ್ತದೆಯೇ ಗಂಡ ಪಿಳ್ಳಣ್ಣ ಏನು ಹೇಳುತ್ತಾನೆಂದು ಕಿವಿಗೊಟ್ಟಳು.

ಪಿಳ್ಳಣ್ಣ ತಲೆಯನ್ನು ಮೆಲ್ಲಗೆ ಎಡಕ್ಕೆ ಹೊರಳಿಸಿ, ಕೋಲು ಎಲ್ಲಿದೆಯೆಂದು ಹುಡುಕಿ, ಸಿಕ್ಕ ಮೇಲೆ ಅದನ್ನೇ ದಿಟ್ಟಿಸಿದ.

"ನಾನು ನಾಟಕದ ಕಂಪನಿ ಸೇರಿರ್ಲಿಲ್ಲ ಕಣೋ ಚಲುವ. ಸೇರಿದ್ದು ಮಿಲಿಟರಿಯ ಸಾಪರ್ ಕಂಪನಿ, ಸಿಡಿಮದ್ದು ತೆಗೆಯೋರದ್ದು."

"ನನ್ನ ಬಸ್ಸಲ್ಲಿ ದಿನಾ ಆಡ್ತಾರೆ ಭಾವ! ಟಿಕೆಟ್ ಟಿಕೆಟ್ ಅಂದ್ರೆ ಸಾಕು, ಅರ್ಧ ಬಸ್ಸು ಕುರುಡು, ಇನ್ನರ್ಧ ಕಿವುಡು."

"ಹಾಗಿದ್ರೆ ಅವರಿಗೇ ಕೊಡಿಸು ಪೆನ್ಶನ್ನು."

ಅಂಜನಮ್ಮನಿಗೆ ನಗು ಬಂತು, ಆದರೆ ನಗಲಿಲ್ಲ. ನಾಳೆ ಬೆಳಿಗ್ಗೆ ಮಿಲಿಟರಿ ಆಸ್ಪತ್ರೆಯಲ್ಲಿ ಮೆಡಿಕಲ್ ಬೋರ್ಡು. ಅಪೀಲಿನ ಬೋರ್ಡು, ಅಂದರೆ ಕೊನೆಯದು. ಅಲ್ಲಿ ಏನು ಬರೆಯುತ್ತಾರೋ ಅದೇ ಖಾಯಂ.

ಸಂಗತಿ ಇಷ್ಟು. ಎಪ್ಪತ್ತೊಂದರ ಯುದ್ಧ ಮುಗಿದು, ಗಡಿಯ ಗೋಧಿ ಹೊಲಗಳಲ್ಲಿ ಹೂತಿಟ್ಟ ಸಿಡಿಮದ್ದು ತೆಗೆಯುವಾಗ ಒಂದು ಅವನ ಪಕ್ಕದಲ್ಲೇ ಸಿಡಿಯಿತು. ಪಿಳ್ಳಣ್ಣನ ಕೈಕಾಲು ಉಳಿದವು, ಜೀವ ಉಳಿಯಿತು. ಕಣ್ಣೂ ಉಳಿಯಿತು ಅಂದರು. ಉಳಿದದ್ದು ನಡುವಿನ ಒಂದು ಚೂರು ಮಾತ್ರ. ಊದುಗೊಳವೆಯಲ್ಲಿ ಕಣ್ಣಿಟ್ಟು ನೋಡಿದರೆ ಎಷ್ಟು ಕಾಣುತ್ತದೋ ಅಷ್ಟು. ಆ ಚೂರಿನೊಳಗೆ ಬಿದ್ದದ್ದು ಸೂಜಿಯ ಕಣ್ಣಾದರೂ ಕಾಣುತ್ತಿತ್ತು. ಅದರಾಚೆಗೆ ಆನೆ ನಿಂತರೂ ಇಲ್ಲ.

ಮೊದಲು ನೂರಕ್ಕೆ ಐವತ್ತು ಊನ ಅಂತ ಬರೆದು ಮನೆಗೆ ಕಳಿಸಿದ್ದರು. ಮೂರು ವರ್ಷದ ಹಿಂದೆ ಮತ್ತೆ ಪರೀಕ್ಷೆಗೆ ಕರೆದಾಗ ಪಿಳ್ಳಣ್ಣ ಒಬ್ಬನೇ ಹೋಗಿದ್ದ. ಬೂಟಿಗೆ ಪಾಲಿಶ್ ಹಾಕಿ, ಷರಟಿಗೆ ಇಸ್ತ್ರಿ ಹಾಕಿಸಿ, ಕೆಂಪು ಗಾರೆ ನೆಲದ ಕರಿ ಅಂಚನ್ನೇ ನೋಡುತ್ತಾ ನೆಟ್ಟಗೆ ನಡೆದು ಸೆಲ್ಯೂಟ್ ಹೊಡೆದಿದ್ದ. ದೊಡ್ಡ ಡಾಕ್ಟರು "ಕೈಸೇ ಹೋ, ಜವಾನ್?" ಅಂದರು. ಪಲ್ಟನ್ನಿನಲ್ಲಿ ಆ ಪ್ರಶ್ನೆಗೆ ಒಂದೇ ಉತ್ತರ. ಕಾಲು ಮುರಿದಿರಲಿ, ಜ್ವರದಲ್ಲಿ ಬೇಯುತ್ತಿರಲಿ, ಉತ್ತರ ಅದೇ. "ಠೀಕ್ ಹೈ ಸಾಬ್!" ಅಂದುಬಿಟ್ಟ. ಗೋಡೆಯ ಅಕ್ಷರದ ಪಟ್ಟಿ ಓದಿಸಿದರು. ಕೊನೆಯ ಸಾಲಿನವರೆಗೂ ಗಡಗಡ ಓದಿದ. ಹದಿನೈದು ಅಂತ ಬರೆದರು. ಇಪ್ಪತ್ತಕ್ಕಿಂತ ಕಡಿಮೆಯಾದರೆ ಊನದ ಪೆನ್ಶನ್ ಇಲ್ಲ. ನಿಂತುಹೋಯಿತು.

ಪೆನ್ಶನ್ ನಿಂತದ್ದನ್ನು ಅಂಜನಮ್ಮ ಹೇಗೋ ಸಂಬಾಳಿಸಿದಳು. ಸಾರಕ್ಕಿ ಕೆರೆಯ ಕೆಳಗಿನ ಚೂರು ಜಮೀನಿನಲ್ಲಿ ಬೆಳೆದ ಸೊಪ್ಪನ್ನು ಜಯನಗರದ ಬ್ಲಾಕು ಬ್ಲಾಕಿಗೂ ಹೊತ್ತು ಮಾರಿದಳು. ಸಂಬಾಳಿಸಲಾಗದ್ದು ಬೀದಿಯ ಬಾಯಿ. ಸರ್ಕಾರವೇ ಕಣ್ಣು ಚೆನ್ನಾಗಿದೆ ಅಂತ ಬರೆದ ಮೇಲೆ ಕೇಳಬೇಕೇ? ಎದುರು ಮನೆಯ ಬೋರಣ್ಣ ತನ್ನ ಎಮ್ಮೆಯನ್ನು ಬೀದಿಯಲ್ಲೇ ಕಟ್ಟುವವನು. ಪಿಳ್ಳಣ್ಣ ಒಂದು ದಿನ ಅದಕ್ಕೆ ಡಿಕ್ಕಿ ಹೊಡೆದು ಬಿದ್ದಾಗ ಟೀ ಅಂಗಡಿಯ ಮುಂದೆ ನಿಂತು ಹಾಡಿದ್ದ: "ಪೇಪರ್‌ನಲ್ಲಿ ಇರುವೆಯಂಥ ಅಕ್ಷರ ಓದ್ತಾನೆ, ಎಮ್ಮೆ ಮಾತ್ರ ಕಾಣಲ್ವಂತೆ! ಸುಳ್ಳಿಗೂ ಒಂದು ಲೆಕ್ಕ ಬೇಡ್ವಾ?"

ಅವತ್ತಿನಿಂದ ಪಿಳ್ಳಣ್ಣ ಟೀ ಅಂಗಡಿಗೆ ಹೋಗುವುದನ್ನೇ ಬಿಟ್ಟ.

ಮನೆಯೊಳಗೆ ಮಾತ್ರ ಅವನು ರಾಜ. ಅದಕ್ಕೆ ಕಾರಣ ಸುಣ್ಣದ ಗೆರೆ. ಸಿಡಿಮದ್ದಿನ ಹೊಲದಲ್ಲಿ ದಾರಿ ಮಾಡಿದ ಮೇಲೆ ಎರಡೂ ಕಡೆ ಬಿಳಿ ಪಟ್ಟಿ ಹಾಸುತ್ತಿದ್ದೆವು, ಪಟ್ಟಿಯೊಳಗೆ ನಡೆದವನು ಬದುಕಿದ, ಅಂತ ಅವನು ಒಮ್ಮೆ ಹೇಳಿದ್ದ. ಅಂಜನಮ್ಮ ಮಾರನೆಯ ದಿನವೇ ಸುಣ್ಣ ಕಲಸಿದಳು. ಬಾಗಿಲಿಂದ ಬಚ್ಚಲಿಗೆ, ಬಚ್ಚಲಿಂದ ಸೊಪ್ಪಿನ ಪಾತಿಗೆ, ಅಲ್ಲಿಂದ ಗೇಟಿಗೆ. ಗೆರೆಯ ಮೇಲೆ ಬಿಂದಿಗೆ ಇಡುವಂತಿಲ್ಲ, ಮೊರ ಇಡುವಂತಿಲ್ಲ, ಚಪ್ಪಲಿಯೂ ಬಿಡುವಂತಿಲ್ಲ. ಅದು ಮನೆಯ ಕಾನೂನು. ಪ್ರತಿ ಸೋಮವಾರ ಗೆರೆಯನ್ನು ಹೊಸದಾಗಿ ಎಳೆದು, ಗೇಟಿನ ಬಳಿ ಬಂದಾಗ ಅದನ್ನು ನಾಲ್ಕು ಸುತ್ತು ಸುತ್ತಿಸಿ ರಂಗೋಲಿಯೊಳಗೆ ಸೇರಿಸಿಬಿಡುತ್ತಿದ್ದಳು. ಬೀದಿಯವರಿಗೆ ಗೊತ್ತಾಗಬಾರದು ಎಂದು ಅವನೇ ಹೇಳಿದ್ದ.

"ನಾಳೆ ನಾನೂ ಬರ್ತೀನಿ," ಅಂದಳು ಅಂಜನಮ್ಮ, ಸೊಪ್ಪಿನ ಕಟ್ಟನ್ನು ಬುಟ್ಟಿಗೆ ಹಾಕುತ್ತಾ.

"ಬಾ. ಆದರೆ ಒಳಗೆ ಬಾಯಿ ಬಿಡಬೇಡ."

"ಆಗ್ಲಿ," ಅಂದಳು. ಯಾವ ಹೆಂಡತಿ ತಾನೇ ಇಲ್ಲ ಅಂದಾಳು?

ಮರುದಿನ ಕೋಲು ಗೋಡೆಗೆ ಒರಗಿಕೊಂಡು ಮನೆಯಲ್ಲೇ ಉಳಿಯಿತು. ಆಸ್ಪತ್ರೆಯ ಉದ್ದನೆಯ ವರಾಂಡದ ಬೆಂಚುಗಳ ಮೇಲೆ ಹತ್ತಾರು ಮಾಜಿ ಸಿಪಾಯಿಗಳು. ಪಕ್ಕದಲ್ಲಿ ಕೂತಿದ್ದ ಹವಾಲ್ದಾರ್ ಮಾರಯ್ಯ, ಮಂಡ್ಯದ ಕಡೆಯವನು, ಎರಡು ಊರುಗೋಲು, ಒಂದು ಕಾಲು. "ಏನಮ್ಮ, ಯಜಮಾನರಿಗೆ ಏನಾಗಿದೆ? ನೋಡಿದ್ರೆ ಮದುವೆ ಗಂಡಿನ ಹಾಗವ್ರೆ!" ಅಂದ.

"ಅದೇ ಅಣ್ಣ ನಮ್ಮ ರೋಗ," ಅಂದಳು ಅಂಜನಮ್ಮ.

ಹೆಸರು ಕರೆದರು. ಒಳಗೆ ದೊಡ್ಡ ಮೇಜು, ಮೇಜಿನ ಹಿಂದೆ ಕರ್ನಲ್ ಸಾಹೇಬರು, ಅವರ ಪಕ್ಕ ಕಣ್ಣಿನ ಡಾಕ್ಟರಾದ ಒಬ್ಬ ಮೇಜರ್. ಹೆಂಗಸರು ಹೊರಗಿರಬೇಕು ಅಂದ ಜವಾನನನ್ನು ದಾಟಿ ಅಂಜನಮ್ಮ ಬಾಗಿಲ ಚೌಕಟ್ಟಿನಲ್ಲೇ ನಿಂತಳು. ಒಳಗೂ ಅಲ್ಲ, ಹೊರಗೂ ಅಲ್ಲ. ಪಿಳ್ಳಣ್ಣ ನೆಲದ ಕರಿ ಅಂಚು ಹಿಡಿದು ನಡೆದ, ನಿಂತ, ಸೆಲ್ಯೂಟ್ ಹೊಡೆದ.

"ಕೈಸೇ ಹೋ?" ಕರ್ನಲ್ ಕಾಗದದಿಂದ ತಲೆ ಎತ್ತದೆ ಕೇಳಿದರು.

"ಠೀಕ್ ಹೈ ಸಾಬ್!"

"ಠೀಕ್ ಇಲ್ಲ!" ಅಂಜನಮ್ಮನ ಬಾಯಿಂದ ಅದು ಹಾರಿಯೇ ಹೋಯಿತು. ಜಯನಗರದ ಮೂರನೇ ಮಹಡಿಗೂ ಕೇಳುವಂತೆ ಸೊಪ್ಪು ಕೂಗಿದ ಗಂಟಲು ಅದು. "ಠೀಕ್ ಇಲ್ಲ ಸ್ವಾಮಿ. ಇವರಿಗೆ ಹಾಗೆ ಹೇಳಿ ಹೇಳಿ ಅಭ್ಯಾಸ."

ಪಿಳ್ಳಣ್ಣನ ಕಿವಿ ಕೆಂಪಾಯಿತು. ಮೇಜರ್ ತಲೆ ಎತ್ತಿ ನೋಡಿದರು. ಹಾಸನದ ಕಡೆಯವರಂತೆ, ಕನ್ನಡ ಬರುತ್ತಿತ್ತು. ಸಾಹೇಬರಿಗೆ ಹಿಂದಿಯಲ್ಲಿ ತಿಳಿಸಿದರು. ಕರ್ನಲ್ ಅಕ್ಷರದ ಪಟ್ಟಿಯತ್ತ ಬೆರಳು ತೋರಿಸಿದರು. ಪಿಳ್ಳಣ್ಣ ಓದಿದ, ಕೊನೆಯ ಸಾಲಿನವರೆಗೂ.

"ಓದ್ತಾ ಇದಾನಲ್ಲ!" ಅಂದರು ಕರ್ನಲ್. "ನನಗೇ ಆ ಸಾಲು ಕಾಣೋದಿಲ್ಲ. ಹದಿನೈದು ಸರಿಯಾಗೇ ಇದೆ. ಸಹಿ ಹಾಕಿಸಿ. ನೆಕ್ಸ್ಟ್."

ಗುಮಾಸ್ತ ಪೆನ್ನು ಚಾಚಿದ. ಪಿಳ್ಳಣ್ಣ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಕಾಲು ಅಗಲಿಸಿ, ಪರೇಡಿನಲ್ಲಿ 'ವಿಶ್ರಾಮ್' ಅಂದಾಗ ನಿಲ್ಲುತ್ತಾರಲ್ಲ, ಹಾಗೆ ಕೋಣೆಯ ನಡುವೆ ನಿಂತುಬಿಟ್ಟ.

"ಸಹಿ ಹಾಕಲ್ಲ ಸಾಬ್."

"ಹುಕುಂ ಮೀರ್ತೀಯಾ?"

"ಹುಕುಂ ಪಾಲಿಸಿದ್ದಕ್ಕೇ ಸಾಬ್ ಕಣ್ಣು ಹೋಗಿದ್ದು. ಈಗ ನಾನು ಸಿಪಾಯಿ ಅಲ್ಲ." ಪಲ್ಟನ್ನಿನಲ್ಲಿ ಕಲಿತ ಹಿಂದಿಯಲ್ಲೇ ಹೇಳಿದ. ದನಿ ಏರಲಿಲ್ಲ, ಆದರೆ ಕೋಣೆಯಲ್ಲಿದ್ದವರೆಲ್ಲ ಕೇಳಿಸಿಕೊಂಡರು. "ಸಿಡಿಮದ್ದಿನ ಹೊಲದಲ್ಲಿ ನಾವು ಒಬ್ಬಾಳು ನಡೆಯೋಷ್ಟು ದಾರಿ ಬಿಡಿಸ್ತಿದ್ವಿ. ದಾರಿ ಆಯ್ತು ಅಂತ ವರದಿ ಕೊಡ್ತಿದ್ವಿ. ಹೊಲ ಆಯ್ತು ಅಂತ ಒಂದು ದಿನಾನೂ ಕೊಟ್ಟಿಲ್ಲ. ಕೊಟ್ಟಿದ್ರೆ ಹಿಂದೆ ಬರೋನು ಸಾಯ್ತಿದ್ದ. ನೀವು ನನ್ನ ದಾರಿ ನೋಡಿ ಹೊಲ ಚೆನ್ನಾಗಿದೆ ಅಂತ ಬರೆದಿದೀರಿ. ಆಚೆ ಈಚೆ ಅಳೀರಿ. ಅಳೆದು ಸೊನ್ನೆ ಬರೆದ್ರೂ ಸಹಿ ಹಾಕ್ತೀನಿ. ಅಳೀದೆ ಹಾಕಲ್ಲ. ಕೋಲು ಹಿಡ್ಕೊಂಡು ಎಡವಿಬಿದ್ದು ತೋರಿಸು ಅಂತ ನಮ್ಮ ಮನೇಲೇ ಹೇಳಿದ್ರು. ಅದನ್ನೂ ಮಾಡಲ್ಲ."

ಕರ್ನಲ್ ಮುಖ ಗಂಟಿಕ್ಕಿದರು. "ನೆಕ್ಸ್ಟ್!" ಎಂದು ಹೊರಗೆ ಕೂಗಿದರು.

ಟಕ್ ಟಕ್ ಅನ್ನುತ್ತಾ ಮಾರಯ್ಯ ಬಾಗಿಲಿಗೆ ಬಂದ. ಅಂಜನಮ್ಮನ ಪಕ್ಕ ಊರುಗೋಲು ಊರಿ ನಿಂತ. ಒಳಗೆ ಕಾಲಿಡಲಿಲ್ಲ.

"ಇವರದು ಮುಗೀಲಿ ಸಾಬ್. ನನ್ನದು ಇರೋದೇ ಒಂದು ಕಾಲು, ಎಲ್ಲಿಗೂ ಓಡಿಹೋಗಲ್ಲ."

ಅವನ ಹಿಂದಿನವನೂ ಬರಲಿಲ್ಲ. ಅವನ ಹಿಂದಿನವನೂ. ವರಾಂಡದಲ್ಲಿ ಬೆಂಚುಗಳು ಕಿರುಗುಟ್ಟಿದವು. ಎದ್ದು ನಿಂತವರೆಲ್ಲ ಹಾಗೇ ನಿಂತರು. ಯಾರೂ ಘೋಷಣೆ ಕೂಗಲಿಲ್ಲ.

ಮೇಜರ್ ಮೆಲ್ಲಗೆ ಕೆಮ್ಮಿದರು. "ಸರ್, ಅಳೆಯೋ ಯಂತ್ರ ಪಕ್ಕದ ಕೋಣೇಲೇ ಇದೆ. ಅರ್ಧ ಗಂಟೆ ಕೆಲಸ."

"ಹೋಗಿ," ಅಂದರು ಕರ್ನಲ್, ಕಿಟಕಿಯತ್ತ ತಿರುಗಿ.

ಪಕ್ಕದ ಕೋಣೆಯಲ್ಲಿ ಪರದೆ ಎಳೆದು ಕತ್ತಲು ಮಾಡಿದರು. ಸೀಳಿದ ಕುಂಬಳಕಾಯಿಯ ತಿರುಳು ಬಳಿದು ತೆಗೆದ ಹಾಗೆ ಒಳಗೆ ಟೊಳ್ಳಾದ, ಬೆಳ್ಳಗಿನ ದೊಡ್ಡ ಬಟ್ಟಲು. ಪಿಳ್ಳಣ್ಣ ಅದಕ್ಕೆ ಮುಖಕೊಟ್ಟು ಕೂತು, ನಟ್ಟನಡುವಿನ ಚುಕ್ಕಿಯನ್ನೇ ನೋಡುತ್ತಿರಬೇಕು. ಅಂಚಿನಿಂದ ಒಂದು ಬೆಳಕಿನ ಹನಿ ಒಳಕ್ಕೆ ಬರುತ್ತದೆ. ಕಂಡ ತಕ್ಷಣ ಕೈಯಲ್ಲಿರುವ ನಾಣ್ಯದಿಂದ ಮೇಜು ಕುಟ್ಟಬೇಕು.

ಅಂಜನಮ್ಮ ಮೂಲೆಯಲ್ಲಿ ನಿಂತು ನೋಡಿದಳು. ಬೆಳಕಿನ ಹನಿ ಬಟ್ಟಲಿನ ಅಂಚಿನಲ್ಲಿ ಹೊಳೆಯಿತು. ಅವಳಿಗೆ ಕಂಡಿತು. ಸದ್ದಿಲ್ಲ. ಹನಿ ಒಳಕ್ಕೆ ಜರುಗಿತು. ಸದ್ದಿಲ್ಲ. ಇನ್ನೂ ಒಳಕ್ಕೆ. 'ಕುಟ್ಟಿ, ಇಲ್ಲೇ ಇದೆಯಲ್ಲ, ಕುಟ್ಟಿ' ಎಂದು ಅವಳ ಒಳಗೇ ಯಾರೋ ಕೂಗಿದರು. ಹನಿ ನಡುವಿನ ಚುಕ್ಕಿಗೆ ಇನ್ನೇನು ಮುಟ್ಟಬೇಕು, ಆಗ ನಾಣ್ಯ ಟಣ್ ಅಂದಿತು. ಇನ್ನೊಂದು ಕಡೆಯಿಂದ ಬಂತು ಹನಿ, ಅಲ್ಲೂ ಹಾಗೆಯೇ. ಮೇಲಿನಿಂದ, ಕೆಳಗಿನಿಂದ, ಎಲ್ಲ ಕಡೆಯಿಂದಲೂ ಹಾಗೆಯೇ. ಇಷ್ಟು ವರ್ಷ ಜೊತೆಯಲ್ಲಿ ಉಂಡು, ಗೆರೆ ಎಳೆದು, ಕೈ ಹಿಡಿದು ನಡೆಸಿದವಳಿಗೆ ಅವನ ಕತ್ತಲೆ ಎಷ್ಟು ಅಗಲ ಅಂತ ಅವತ್ತೇ ಗೊತ್ತಾದದ್ದು. ಸೆರಗಿನ ತುದಿ ಬಾಯಿಗೆ ಹಿಡಿದಳು. ಅತ್ತರೆ ಅವನಿಗೆ ಕೇಳಿಸುತ್ತದೆ. ಕಿವಿ ಮಾತ್ರ ಮೊದಲಿಗಿಂತ ಚುರುಕು.

ಮೇಜರ್ ಬಿಡಿಸಿದ ನಕ್ಷೆಯನ್ನು ಕರ್ನಲ್ ಬಹಳ ಹೊತ್ತು ನೋಡಿದರು. ದೊಡ್ಡ ವೃತ್ತ, ಅದರ ನಡುವೆ ಹುಣಸೆ ಬೀಜದಷ್ಟು ಒಂದು ಗುರುತು. ಹದಿನೈದನ್ನು ಹೊಡೆದುಹಾಕಿ ಎಂಬತ್ತು ಬರೆದರು.

"ಇದನ್ನ ಮೂರು ವರ್ಷದ ಹಿಂದೆಯೇ ಹೇಳೋಕೆ ಏನಾಗಿತ್ತು?"

"ಕೇಳೋಕೆ ಏನಾಗಿತ್ತು ಸಾಬ್?" ಅಂದ ಪಿಳ್ಳಣ್ಣ. ಪೆನ್ನು ಇಸಿದುಕೊಂಡು ಸಹಿ ಹಾಕಿದ. ಸೆಲ್ಯೂಟ್ ಹೊಡೆಯಲಿಲ್ಲ. ನಮಸ್ಕಾರ ಮಾಡಿದ.

ಹೊರಗೆ ಮಾರಯ್ಯ ಅವನ ಬೆನ್ನು ತಟ್ಟಿದ. "ಇನ್ನು ನಾನೂ ಠೀಕ್ ಅನ್ನಲ್ಲ ಕಣಯ್ಯ," ಅಂದು ಟಕ್ ಟಕ್ ಒಳಗೆ ಹೋದ.

ಸೋಮವಾರ ಬಂತು. ಅಂಜನಮ್ಮ ಬಕೆಟ್ಟಿನಲ್ಲಿ ಸುಣ್ಣ ಕಲಸಿದಳು. ಕಲಸಲು ಚಲುವರಾಜುವಿನ ಬಿದಿರು ಕೋಲು ಹೇಳಿ ಮಾಡಿಸಿದಂತಿತ್ತು. ಬಾಗಿಲಿಂದ ಗೇಟಿನವರೆಗೆ ಗೆರೆ ಎಳೆದು, ವಾಡಿಕೆಯಂತೆ ರಂಗೋಲಿಗೆ ಸುತ್ತು ಹಾಕಲು ಬಗ್ಗಿದಳು. ಹಿಂದಿನಿಂದ ಪಿಳ್ಳಣ್ಣ ಬಂದ.

"ಯಾಕೆ ನಿಲ್ಲಿಸ್ದೆ?"

"ಗೇಟು ಬಂತಲ್ಲ."

"ಬರ್ಲಿ. ಎಳಿ. ಟೀ ಅಂಗಡೀವರೆಗೂ ಎಳಿ."

ಅವಳು ಅವನ ಮುಖ ನೋಡಿದಳು. ಆಮೇಲೆ ಬಕೆಟ್ ಎತ್ತಿಕೊಂಡು ಬೀದಿಗಿಳಿದಳು. ಎದುರು ಜಗಲಿಯಲ್ಲಿ ಬೋರಣ್ಣ ಬೀಡಿ ಕೈಯಲ್ಲಿ ಹಿಡಿದು ಎದ್ದು ಕೂತ.

"ಏನವ್ವ ಅಂಜನಿ, ಬೀದಿಗೂ ರಂಗೋಲಿನಾ?"

"ರಂಗೋಲಿ ಅಲ್ಲ ಬೋರಣ್ಣ, ಗೆರೆ. ನಮ್ಮನೆಯವರಿಗೆ ಪಕ್ಕ ಕಾಣಲ್ಲ. ಇದರ ಮೇಲೆ ಯಾರೂ ಏನೂ ಇಡಬಾರದು, ಕಟ್ಟಬಾರದು."

"ಹಂಗಾದ್ರೆ ನಮ್ಮ ಎಮ್ಮೆಗೂ ಹೇಳಿಬಿಡು."

"ನಾನು ನಿಮಗೆ ಹೇಳಿದೀನಿ. ನೀವು ಎಮ್ಮೆಗೆ ಹೇಳಿ."

ಮರುದಿನ ಬೆಳಿಗ್ಗೆ ಪಿಳ್ಳಣ್ಣ ಬೂಟು ಹಾಕಿಕೊಂಡು, ಕೋಲಿಲ್ಲದೆ, ಕನ್ನಡಕವಿಲ್ಲದೆ ಗೇಟು ತೆಗೆದ. ಗೆರೆಯನ್ನೇ ನೋಡುತ್ತಾ, ತೋಳು ಬೀಸಿ, ಬೀದಿಯ ನಡುವೆ ನೆಟ್ಟಗೆ ಹೊರಟ. ಎಮ್ಮೆ ಗೆರೆಗೆ ಅಡ್ಡಲಾಗಿ ನಿಂತು ಮೆಲುಕು ಹಾಕುತ್ತಿತ್ತು. ಅಂಜನಮ್ಮ ಸೊಪ್ಪಿನ ಬುಟ್ಟಿ ತಲೆಯ ಮೇಲಿಟ್ಟುಕೊಂಡು ಗೇಟಿನಲ್ಲೇ ನಿಂತಳು, ಕೂಗಲಿಲ್ಲ.

ಬೂಟಿನ ಸದ್ದು ಹತ್ತಿರವಾಯಿತು. ಬೋರಣ್ಣ ಬೀಡಿ ಎಸೆದು, ಜಗಲಿಯಿಂದ ದಡಬಡ ಇಳಿದು, ಎಮ್ಮೆಯ ಹಗ್ಗ ಹಿಡಿದು ಪಕ್ಕಕ್ಕೆ ಎಳೆದ.