ಮೇಷ್ಟ್ರಿಗೆ ಸಲ್ಲಬೇಕಿದ್ದ ಕುರಿತಲೆ

ಗುಡ್ಡಗಾಡಿನ ಚಳಿಯೂರು ನರೀನ್‌ನ ನಮ್ಮ ಹೈಸ್ಕೂಲಿನಲ್ಲಿ ಲ್ಯಾಬು ಅಂತ ಇದ್ದದ್ದು ಒಂದು ಮುರುಕಲು ಬೀರು, ಅದರೊಳಗೆ ಒಂದು ಇಲಿ ಸಂಸಾರ. ಮಸೂರದ ಪಾಠ ಬಂದಾಗ ವಿಜ್ಞಾನದ ಶೈಲೋಬೆಕ್ ಮೇಷ್ಟ್ರು ನಮ್ಮನ್ನೆಲ್ಲ ಹೆಪ್ಪುಗಟ್ಟಿದ ಹೊಳೆಗೆ ಎಳಕೊಂಡು ಹೋದರು. ತಿಳಿಯಾದ ಮಂಜುಗಡ್ಡೆ ಒಡೆದು, ಚಾಕುವಿನಲ್ಲಿ ಕೆತ್ತಿ, ಅಂಗೈಯಲ್ಲಿ ಉಜ್ಜಿ ಉಜ್ಜಿ ನುಣ್ಣಗೆ ಮಾಡಿ ಬಿಸಿಲಿಗೆ ಹಿಡಿದರು. ಒಣಹುಲ್ಲು ಹೊಗೆಯಾಡಿ ಭಗ್ಗಂತ ಹತ್ತಿಕೊಂಡಿತು.

"ಬಾಯಿ ಮುಚ್ಕೊಳ್ಳೋ ಮೆದೆರ್, ನಾಲಿಗೆ ಹೆಪ್ಪುಗಟ್ಟೀತು!" ಅಂತ ನಕ್ಕು, ತಮ್ಮ ಕೈಗವಸು ಬಿಚ್ಚಿ ನನಗೆ ತೊಡಿಸಿದರು. ಆಮೇಲೆ ಎರಡು ವರ್ಷ ದಿನಾ ಸಂಜೆ ಮನೆಯಲ್ಲೇ ಕೂರಿಸಿಕೊಂಡು ಓದಿಸಿದರು. ನಾನು ಡಾಕ್ಟರಾಗಿದ್ದು ಹಾಗೆ.

ಹೋದ ವರ್ಷ ಹೊಸ ಮನೆ ಕಟ್ಟಿಸಿ ಔತಣ ಇಟ್ಟೆ. ನಮ್ಮಲ್ಲಿ ಔತಣಕ್ಕೆ ಬಂದವರಲ್ಲಿ ಎಲ್ಲರಿಗಿಂತ ಹಿರಿಯರ ಮುಂದೆ ಬೇಯಿಸಿದ ಕುರಿತಲೆ ಇಡಬೇಕು, ಅದೇ ದೊಡ್ಡ ಮರ್ಯಾದೆ. ಯಾರ ಮುಂದೆ ಹೋಯಿತು ಅನ್ನೋದನ್ನ ಊರು ವರ್ಷಗಟ್ಟಲೆ ಆಡಿಕೊಳ್ಳುತ್ತೆ. ಬಾಗಿಲಿಗೆ ಎದುರಿನ ಮರ್ಯಾದೆಯ ಜಾಗದಲ್ಲಿ ಮೇಷ್ಟ್ರನ್ನೇ ಕೂರಿಸಿದ್ದೆ. ಪಾಪ, ತಲೆ ಕೊಯ್ದು ಹಂಚೋದಕ್ಕೆ ಅಂತ ತಮ್ಮ ಚಾಕು ಮಸೆದು ತಂದಿದ್ದರು.

ಅಷ್ಟರಲ್ಲಿ ಜಿಲ್ಲೆಯ ಅಧಿಕಾರಿ ಬಂದ. ನನಗಿಂತ ಚಿಕ್ಕವನು, ಆದರೆ ನಾನು ಕಣ್ಣಿಟ್ಟಿದ್ದ ಆಸ್ಪತ್ರೆಯ ಮುಖ್ಯ ವೈದ್ಯನ ಹುದ್ದೆ ಅವನ ಒಂದು ರುಜುವಿನಲ್ಲಿತ್ತು. ಕುರಿತಲೆಯ ತಟ್ಟೆ ಹಿಡಿದು ಮೇಷ್ಟ್ರ ಮುಂದೆ ಬಗ್ಗಿದವನು, ಥೂ ನನ್ನ ಜನ್ಮಕ್ಕೆ, ಹಾಗೇ ಹೊರಳಿ ಆ ಅಧಿಕಾರಿಯ ಮುಂದಿಟ್ಟೆ.

"ಮೇಷ್ಟ್ರು ನಮ್ಮೋರೇ ಬಿಡಿ, ಏನೂ ಅಂದ್ಕೊಳ್ಳಲ್ಲ," ಅಂತ ಹಲ್ಲು ಬೇರೆ ಕಿರಿದೆ.

ಮೇಷ್ಟ್ರು ಚಾಕುವನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡರು. ಸಾರು ಬರೋ ಹೊತ್ತಿಗೆ ಎದ್ದು ಹೋಗಿದ್ದರು.

ಹುದ್ದೆ ಸಿಕ್ಕಿತು. ಸಿಕ್ಕಿ ಏನು ಬಂತು? ನಾಳೆ ಹೋಗ್ತೀನಿ, ನಾಡಿದ್ದು ಹೋಗ್ತೀನಿ ಅಂತ ಹನ್ನೊಂದು ತಿಂಗಳು ತಳ್ಳಿದೆ. ಅವರ ಬೀದಿಯಲ್ಲಿ ರೋಗಿ ಇದ್ದರೆ ಬೇರೆ ಡಾಕ್ಟರನ್ನು ಕಳಿಸಿದೆ. ಅಂಥ ಹೇಡಿ ನಾನು.

ಹೋದ ವಾರ ಗಟ್ಟಿ ಮನಸ್ಸು ಮಾಡಿ ಹೋದೆ. ಬಾಯಿಗೆ ಬಂದ ಹಾಗೆ ಬೈಯಲಿ, ಕಪಾಳಕ್ಕೆ ಎರಡು ಬಿಡಲಿ, ಮತ್ತೆ ಮೊದಲಿನ ಹಾಗೆ ಹತ್ತಿರ ಕೂರಿಸಿಕೊಂಡರೆ ಸಾಕು ಅಂತಿತ್ತು ನನ್ನ ಜೀವ.

"ಬಾಪ್ಪಾ, ಮನೇಲೆಲ್ಲ ಚೆನ್ನಾಗಿದಾರಾ?"

"ಮೇಷ್ಟ್ರೇ, ಅವತ್ತು ನಾನು ಮಾಡಿದ್ದು ದೊಡ್ಡ ತಪ್ಪು..."

"ಅದೆಲ್ಲ ಯಾಕೀಗ? ರೊಟ್ಟಿ ಮುರ್ಕೋ."

ಮುಖದಲ್ಲಿ ಸಿಟ್ಟೇ ಇಲ್ಲ. ಅಬ್ಬ, ಬದುಕಿದೆ ಅಂದುಕೊಂಡೆ. ಮೇಷ್ಟ್ರು ಕೆಟಲ್ ಎತ್ತಿಕೊಂಡರು.

ನಮ್ಮಲ್ಲಿ ಮನಸ್ಸಿಗೆ ಬೇಕಾದವರಿಗೆ ಬಟ್ಟಲ ತಳ ಮುಳುಗುವಷ್ಟೇ ಚಹ ಹುಯ್ಯೋದು, ಮುಗಿದ ಹಾಗೆಲ್ಲ ಮತ್ತೆ ಹುಯ್ದು ಕೂರಿಸಿಕೊಳ್ಳೋದಕ್ಕೆ. ಒಂದೇ ಸಲ ತುಂಬಿಸಿದರೆ, ಕುಡಿದು ಹೊರಡು ಅಂತ ಅರ್ಥ. ಮೇಷ್ಟ್ರ ಕೈ ಈಗ ನಡುಗುತ್ತೆ. ಆದರೂ ಒಂದು ಹನಿ ಚೆಲ್ಲದೆ ನನ್ನ ಬಟ್ಟಲನ್ನು ಅಂಚಿನ ತನಕ ತುಂಬಿಸಿ, ಎರಡೂ ಕೈಯಲ್ಲಿ ಮುಂದಿಟ್ಟರು.