ಬುವಾಲೈ ಅಜ್ಜಿಯ ಹಳದಿ ಮಾತ್ರೆ

ಮುದುಕರ ಬುದ್ಧಿ ಮಂಕಾದರೆ ನಮ್ಮ ಊರಿನಲ್ಲಿ ಜನ ಎರಡರಲ್ಲಿ ಒಂದು ಮಾತು ಹೇಳುತ್ತಾರೆ. ಒಂದು, ವಯಸ್ಸಾಯಿತು, ಅರಳುಮರಳು. ಇನ್ನೊಂದು, ಖ್ವಾನ್ ಮೈ ಬಿಟ್ಟು ಹೋಗಿದೆ. ಖ್ವಾನ್ ಎಂದರೆ ಮನುಷ್ಯನೊಳಗಿನ ಜೀವಕಳೆ. ಸಾವು ಕಂಡರೆ, ಜ್ವರ ಬಂದರೆ ಅದು ಬೆದರಿ ಹೊರಟುಹೋಗುತ್ತದೆ. ಆಗ ಹಿರಿಯರನ್ನು ಕರೆಸಿ, ಬಾಳೆಲೆಯ ಗೋಪುರ ಕಟ್ಟಿ, ಖ್ವಾನನ್ನು ಮರಳಿ ಕರೆದು, ನಂಟರೆಲ್ಲ ಸೇರಿ ಮುಂಗೈಗೆ ಬಿಳಿ ನೂಲು ಕಟ್ಟುತ್ತೇವೆ.

ಬುವಾಲೈ ಅಜ್ಜಿಯ ವಿಷಯದಲ್ಲಿ ಎರಡೂ ಮಾತು ಹೇಳಿ ಆಗಿತ್ತು.

ಮಳೆ ಹಿಡಿಯುವ ಹೊತ್ತಿಗೆ ಅವಳ ಗಂಡ ಖಾಮ್‌ಮೂನ್ ತೀರಿಕೊಂಡ. ಅಂದಿನಿಂದ ಅಜ್ಜಿಗೆ ನಿದ್ದೆ ಹತ್ತಲಿಲ್ಲ. ಜೊತೆಯಲ್ಲಿ ಬಾಳಿದವರು ಹೋದ ಮೇಲೆ ಚಾಪೆ ಎಷ್ಟು ಅಗಲವಾಗುತ್ತದೆ ಎಂಬುದು ಅದರ ಮೇಲೆ ಮಲಗುವವರಿಗೇ ಗೊತ್ತು. ಕೆಲವು ವಾರ ಕಳೆದವು. ಅಜ್ಜಿ ಹಗಲೆಲ್ಲ ತೂಕಡಿಸತೊಡಗಿದಳು. ಎಚ್ಚರವಾದಾಗ, "ನಿಮ್ಮಪ್ಪ ಇನ್ನೂ ಗದ್ದೆಯಿಂದ ಬರಲಿಲ್ವೇನೇ?" ಎಂದು ಮಗಳು ಪ್ರಾನೀಯನ್ನು ಕೇಳುವಳು. ಒಂದು ಬೆಳಿಗ್ಗೆ ಭಿಕ್ಷುಗಳಿಗೆ ನೀಡಲು ಅಂಟಕ್ಕಿ ಅನ್ನದ ಬುಟ್ಟಿ ಹಿಡಿದು ಹೊರಟವಳು ದಾರಿ ಮರೆತು ಪಕ್ಕದ ಊರಿನ ಗದ್ದೆಯ ಕೆಸರಿನಲ್ಲಿ ನಿಂತಿದ್ದಳು.

ಪ್ರಾನೀ ಎರಡು ಬಾರಿ ಖ್ವಾನ್ ಕರೆಸಿದಳು. ಗುಣವಾಗಲಿಲ್ಲ. ಖಾಮ್‌ಮೂನನ ನೂರನೆಯ ದಿನದ ಪುಣ್ಯಕಾರ್ಯ ಹತ್ತಿರ ಬರುತ್ತಿತ್ತು. ಅಂದು ಹೆಂಡತಿಯಾದವಳು ಗಂಡನ ಹೆಸರು ನೆನೆದು ನೀರು ಬಿಡಬೇಕು. ಆ ನೀರಿನ ಜೊತೆ ಪುಣ್ಯ ಅವನಿಗೆ ಸಲ್ಲುತ್ತದೆ. ಗಂಡ ಸತ್ತದ್ದೇ ನೆನಪಿಲ್ಲದವಳು ಯಾರ ಹೆಸರಿಗೆ ನೀರು ಬಿಟ್ಟಾಳು? ಈ ಒಂದು ಚಿಂತೆ ಪ್ರಾನೀಯನ್ನು ಹಣ್ಣು ಮಾಡಿತ್ತು. ಅದಕ್ಕೇ ಅವಳು ಮೂರನೆಯ ಬಾರಿ ಥೋಂಗ್‌ಡೀ ಅಜ್ಜನನ್ನು ಕರೆಸಿದಳು. ಊರಿಗೆಲ್ಲ ಖ್ವಾನ್ ಕರೆಯುವ ಹಿರಿಯ ಅವನು.

ಅಜ್ಜ ಖ್ವಾನನ್ನು ಕರೆಯುತ್ತಿದ್ದ. ನಂಟರು ಕೈ ಜೋಡಿಸಿ ಕುಳಿತಿದ್ದರು. ನಡುವೆ ಬುವಾಲೈ ಅಜ್ಜಿ ಗೊರಕೆ ಹೊಡೆಯುತ್ತಿದ್ದಳು. ನಡುನಡುವೆ ಎದ್ದು, ಮುಂಗೈಯ ನೂಲಿನ ಕಂತೆಯೊಳಗೆ ಬೆರಳು ತೂರಿಸಿ ಪರಪರ ಕೆರೆದುಕೊಂಡು ಮತ್ತೆ ಕಣ್ಣು ಮುಚ್ಚುವಳು.

ಪ್ರಾನೀ ಸೊಂಟದ ಚೀಲದಿಂದ ಪುಟ್ಟ ಹಳದಿ ಮಾತ್ರೆ ತೆಗೆದಳು.

ಪಕ್ಕದ ಮನೆಯ ವಿಲೈ ಅಲ್ಲೇ ಕೂತಿದ್ದಳು. ಅವಳು ಊರಿನ ಆರೋಗ್ಯ ಸ್ವಯಂಸೇವಕಿ.

"ಅದೇನಕ್ಕಾ ಕೊಡ್ತಿರೋದು?"

"ನವೆ ಮಾತ್ರೆ ಕಣೇ. ಅಂಗಡೀಲಿ ಸಿಗುತ್ತಲ್ಲ, ಅದು. ನೂಲಿನ ಕೆಳಗೆ ತುರಿಕೆ ಎದ್ದಿದೆ. ಬಿಚ್ತೀನಿ ಅಂದ್ರೆ ಅವ್ವ ಬಿಡೋಲ್ಲ. ಮೊಮ್ಮಕ್ಕಳು ಕಟ್ಟಿದ್ದು, ತೆಗೆದ್ರೆ ಕೇಡು ಅಂತಾಳೆ. ಪಾತ್ರೆ ತೊಳೀತಾಳೆ, ಸ್ನಾನ ಮಾಡ್ತಾಳೆ, ನೂಲು ಒಣಗೋದೇ ಇಲ್ಲ."

"ದಿನಕ್ಕೆಷ್ಟು ಕೊಡ್ತೀಯ?"

"ಕೆರ್ಕೊಂಡಾಗೆಲ್ಲ. ಅಪ್ಪ ಹೋದಾಗಿನಿಂದ ರಾತ್ರಿ ನಿದ್ದೆಗೂ ಒಂದು. ಶೀತ ಆದಾಗ ಶೀತದ ಪೊಟ್ಟಣ."

"ಆ ಪೊಟ್ಟಣದಲ್ಲೂ ಇದೇ ಮಾತ್ರೆ ಇರುತ್ತಕ್ಕಾ! ಅಜ್ಜೀನ ಮಂಕು ಮಾಡ್ತಿರೋದು ಇದೇ ಇರಬಹುದು."

ಪ್ರಾನೀಗೆ ಸಿಟ್ಟು ಬಂತು. "ಮನೆಮನೆ ಹಂಡೇಲಿ ಇಣುಕಿ ಸೊಳ್ಳೆ ಮರಿ ಹುಡುಕೋಳು ನೀನು. ಮೆದುಳಿನ ಮಾತು ನಿನಗ್ಯಾಕೆ?"

"ಹಂಡೇಲಿ ಇಣುಕೋಳು ಮಾತ್ರೆ ಚೀಲದಲ್ಲೂ ಇಣುಕ್ತೀನಿ ಬಿಡು," ಎಂದು ವಿಲೈ ನಕ್ಕಳು. "ಕೇಳು. ಆರೋಗ್ಯ ಕೇಂದ್ರದ ನರ್ಸಮ್ಮ ನಮಗೆ ಹೇಳಿಕೊಟ್ಟಿದ್ದು ಇದು. ನಮ್ಮ ಮೈಯಲ್ಲಿ ಹಿಸ್ಟಮಿನ್ ಅಂತ ಒಂದು ಪದಾರ್ಥ ಇದೆ. ಚರ್ಮದಲ್ಲಿ ಅದು ಕೆರಳಿದ್ರೆ ನವೆ. ಮೆದುಳಲ್ಲಿ ಅದರ ಕೆಲಸವೇ ಬೇರೆ. ಅಲ್ಲಿ ಅದು ವಿಹಾರದ ಜಾಗಟೆ ಇದ್ದ ಹಾಗೆ. ಏಳಿ, ನೋಡಿ, ನೆನಪಿಟ್ಕೊಳ್ಳಿ ಅಂತ ಬಾರಿಸ್ತಾ ಇರುತ್ತೆ. ಈ ಹಳದಿ ಮಾತ್ರೆ ಚರ್ಮದಲ್ಲಿ ನಿಲ್ಲೋಲ್ಲ. ಮೆದುಳಿಗೂ ಹೋಗಿ ಆ ಜಾಗಟೆಗೆ ಬಟ್ಟೆ ಸುತ್ತುತ್ತೆ. ನೆನಪಿಗೆ ಬೇಕಾದ ಇನ್ನೊಂದು ಪದಾರ್ಥಕ್ಕೂ ಅಡ್ಡ ಬರುತ್ತೆ. ನಾವು ಸಣ್ಣ ವಯಸ್ಸಿನವರು ತಡ್ಕೊಳ್ತೀವಿ. ಮುದುಕರಿಗೆ ಮಂಪರು, ಗಲಿಬಿಲಿ, ಬೀಳೋದು, ಬಾಯಿ ಒಣಗೋದು, ಮೂತ್ರ ಕಟ್ಟೋದು."

"ಹೌದಾ? ಅವ್ವ ಬಾಯಿ ಒಣಗುತ್ತೆ ಅಂತಿದ್ಲು," ಎಂದಳು ಪ್ರಾನೀ. ತಕ್ಷಣ ತಲೆ ಕೊಡವಿದಳು. "ಒಂದು ತೊಗರಿಕಾಳಿನಷ್ಟು ಇಲ್ಲ ಆ ಮಾತ್ರೆ. ಅದು ಅಷ್ಟೆಲ್ಲ ಮಾಡುತ್ತಾ?"

"ಮೆಣಸಿನಕಾಯಿ ಎಷ್ಟು ದಪ್ಪ ಇರುತ್ತೆ, ಹೇಳು."

ಮಂತ್ರ ನಿಂತಿತ್ತು. ಥೋಂಗ್‌ಡೀ ಅಜ್ಜ ಕೇಳುತ್ತ ಕುಳಿತಿದ್ದ. ನಿಧಾನವಾಗಿ ಹೇಳಿದ:

"ಅಂದ್ರೆ ನೋಡು ಪ್ರಾನೀ. ನಾನು ಕರೀತೀನಿ, ನೀವು ನೂಲು ಕಟ್ತೀರಿ. ನೂಲಿಗೆ ನವೆ. ನವೆಗೆ ಮಾತ್ರೆ. ಮಾತ್ರೆಗೆ ಮಂಕು. ಮಂಕಿಗೆ ಮತ್ತೆ ನಾನು. ಖ್ವಾನ್ ಬಂದು ಬಾಗಿಲಲ್ಲಿ ನಿಂತಿದೆ, ಮಗಾ. ನೀನು ಒಳಗಿಂದ ಅಗಳಿ ಹಾಕ್ತಿದ್ದೀಯ."

"ನೂಲು ತೆಗೆದ್ರೆ ಕೇಡಾಗೋಲ್ವಾ ಅಜ್ಜಾ?"

"ಮೂರು ದಿನ ಕಳೆದ ಮೇಲೆ ಹಾರೈಕೆ ಮೈಗೆ ಸೇರಿರುತ್ತೆ. ಉಳಿಯೋದು ಬರೀ ಹತ್ತಿ. ಕತ್ತರಿ ಹಾಕಬೇಡಿ, ಗಂಟು ಬಿಚ್ಚಿ. ಇವತ್ತಿನದು ಒಂದು ಎಳೆ ಸಾಕು. ಅದೂ ಒಣಗಿರಲಿ."

ಆಗ ಪ್ರಾನೀಯ ಕಣ್ಣು ತುಂಬಿತು. ಮನಸ್ಸಿನಲ್ಲಿದ್ದ ಮಾತು ಹೊರಗೆ ಬಂತು. "ಮಾತ್ರೆ ಕೊಡದಿದ್ರೆ ರಾತ್ರಿ ಎದ್ದು ಅಪ್ಪನ್ನ ನೆನೆಸ್ಕೊಂಡು ಅಳ್ತಾಳೆ. ಮಲಗಿದ್ರೆ ಅಷ್ಟು ಹೊತ್ತಾದ್ರೂ ದುಃಖ ಇರೋಲ್ವಲ್ಲ?"

ವಿಲೈ ಅವಳ ಕೈ ಹಿಡಿದಳು. "ದುಃಖ ಎಲ್ಲಿ ಹೋಯ್ತಕ್ಕಾ? ಗಂಡ ಗದ್ದೇಲಿದ್ದಾನೆ ಅಂತ ದಾರಿ ಕಾಯ್ತಾ ಕೂತಿದ್ದಾಳೆ. ಅದು ಅಳೋದಕ್ಕಿಂತ ಸುಖವಾ?"

ಪ್ರಾನೀ ಮಾತ್ರೆಯನ್ನು ಚೀಲಕ್ಕೆ ಹಾಕಿದಳು.

ಮರುದಿನ ಪ್ರಾನೀ, ವಿಲೈ ಇಬ್ಬರೂ ಮನೆಯಲ್ಲಿದ್ದ ಎಲ್ಲ ಮಾತ್ರೆಗಳನ್ನು ಕಟ್ಟಿಕೊಂಡು ಅಜ್ಜಿಯನ್ನು ಆರೋಗ್ಯ ಕೇಂದ್ರಕ್ಕೆ ಕರೆದೊಯ್ದರು. ನರ್ಸಮ್ಮ ಸಕ್ಕರೆ, ರಕ್ತದೊತ್ತಡ, ಮೂತ್ರ ಪರೀಕ್ಷೆ ಮಾಡಿಸಿದಳು. ಮುದುಕರ ಮನಸ್ಸು ತಟ್ಟನೆ ಮಂಕಾಗಲು ಕಾರಣ ಬೇರೆಯೂ ಇರಬಹುದು, ಅದಕ್ಕೆ. ಬೇರೇನೂ ಸಿಗಲಿಲ್ಲ. ಹಳದಿ ಮಾತ್ರೆ ನಿಲ್ಲಿಸಿ, ಮುಂಗೈಗೆ ಹಚ್ಚಲು ಮುಲಾಮು ಕೊಟ್ಟಳು.

"ಈ ಜಾಗಟೆಯ ಮಾತು ನಿಜವೇನಮ್ಮಾ?" ಎಂದು ಪ್ರಾನೀ ಕೇಳಿದಳು.

"ನಿಜ. ಹಗಲು ಹೊತ್ತಲ್ಲಿ ತಡೆಯೋಕಾಗದೆ ನಿದ್ದೆಗೆ ಜಾರೋ ಕಾಯಿಲೆ ಒಂದಿದೆ. ಅದಕ್ಕೆ ಮೆದುಳಿನ ಹಿಸ್ಟಮಿನ್ನನ್ನ ಹೆಚ್ಚಿಸೋ ಔಷಧಿಯನ್ನೇ ದೊಡ್ಡ ಡಾಕ್ಟರುಗಳು ಕೊಡ್ತಾರೆ. ಬೇಕಾದವರಿಗೆ ಆ ಜಾಗಟೆ ಬಾರಿಸಬೇಕು, ಸರಿಯಾಗಿ ಮೊಳಗ್ತಿರೋ ಕಡೆ ಬಟ್ಟೆ ಸುತ್ತಬಾರದು."

ಕೆಲವು ದಿನಗಳಲ್ಲಿ ಮಂಪರು ಇಳಿಯಿತು. ಅಜ್ಜಿ ಕೋಳಿಗಳನ್ನು ಬೈದಳು. ಪ್ರಾನೀ ಕುಟ್ಟಿದ ಪಪ್ಪಾಯಿಕಾಯಿ ಕೋಸಂಬರಿಯನ್ನು ತಿಂದು, "ಇದಕ್ಕೆ ನಿಂಬೆಹಣ್ಣು ತೋರಿಸಿ ವಾಪಸ್ ಇಟ್ಯೇನೇ?" ಎಂದಳು. ಮನೆಯವರೆಲ್ಲ ನಕ್ಕರು. ಆ ಸಂಜೆಯೇ ಅವಳು ಗೋಡೆಯ ಮೇಲಿನ ಗಂಡನ ಪಟವನ್ನು ಬಹಳ ಹೊತ್ತು ನೋಡಿದಳು.

"ಅವರು ಹೋಗ್ಬಿಟ್ರು, ಅಲ್ವೇನೇ?"

"ಹೌದವ್ವಾ."

ಅಜ್ಜಿ ಅತ್ತಳು. ಪ್ರಾನೀಯ ಕೈ ಚೀಲದ ಕಡೆಗೆ ಹೋಯಿತು. ಅಲ್ಲಿ ಮಾತ್ರೆ ಇರಲಿಲ್ಲ. ಅವಳು ಅವ್ವನ ಪಕ್ಕದಲ್ಲಿ ಚಾಪೆ ಹಾಸಿಕೊಂಡು ಮಲಗಿದಳು. ಅಂದಿನಿಂದ ದಿನವೂ ಅಲ್ಲೇ ಮಲಗಿದಳು. ನಿದ್ದೆ ಬಾರದಾಗ ಇಬ್ಬರೂ ಖಾಮ್‌ಮೂನನ ವಿಷಯ ಮಾತಾಡುವರು. ಬುದ್ಧನ ಪಾದ ನೆನೆದು ಹಾಗೆಯೇ ಕಣ್ಣು ಮುಚ್ಚುವರು.

ನೂರನೆಯ ದಿನ ಬಂತು. ಭಿಕ್ಷುಗಳು ಊಟ ಮುಗಿಸಿ ಹರಸಲು ತೊಡಗಿದರು. ಬುವಾಲೈ ಅಜ್ಜಿ ಪುಟ್ಟ ಹಿತ್ತಾಳೆ ಚೆಂಬಿನಿಂದ ನೀರನ್ನು ಸಣ್ಣಗೆ ಬಿಟ್ಟಳು. ಧಾರೆ ಕಡಿಯಲಿಲ್ಲ. ಗಂಡನ ಹೆಸರನ್ನು ಬಾಯಿ ಬಿಟ್ಟೇ ಹೇಳಿದಳು. ಅವನ ತಂದೆತಾಯಿಯ ಹೆಸರನ್ನೂ, ಚಿಕ್ಕಂದಿನಲ್ಲೇ ತೀರಿದ ಅವನ ತಂಗಿಯ ಹೆಸರನ್ನೂ ಸೇರಿಸಿದಳು. ಆ ತಂಗಿಯ ಹೆಸರು ಪ್ರಾನೀಗೇ ಗೊತ್ತಿರಲಿಲ್ಲ.

ಓದುವ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಮುಪ್ಪಿನ ಎಲ್ಲ ಮರೆವೂ ಹೀಗೆ ವಾಸಿಯಾಗುವುದಿಲ್ಲ. ಆದರೆ ವಾಸಿಯಾಗುವ ಮರೆವನ್ನು ವಿಧಿ ಎಂದು ಬಿಟ್ಟುಬಿಡುವುದು ತಪ್ಪು. ನವೆ, ಶೀತ, ನಿದ್ದೆ ಎಂದು ಅಂಗಡಿಯಲ್ಲಿ ಸಿಕ್ಕ ಮಾತ್ರೆಯನ್ನು ಹಿರಿಯರಿಗೆ ಕೊಡಬೇಡಿ. ಇದು ಮಂಪರು ತರುತ್ತದೆಯೇ, ಈ ವಯಸ್ಸಿಗೆ ಆಗುತ್ತದೆಯೇ ಎಂದು ತಿಳಿದವರನ್ನು ಕೇಳಿ. ಡಾಕ್ಟರು ಬರೆದುಕೊಟ್ಟ ಮಾತ್ರೆಯನ್ನು ಮಾತ್ರ ನೀವೇ ನಿಲ್ಲಿಸಬೇಡಿ, ಅವರಿಗೆ ತೋರಿಸಿ. ಹಿರಿಯರ ಮನಸ್ಸು ಕೆಲವೇ ದಿನಗಳಲ್ಲಿ ಕದಡಿದರೆ ತಡಮಾಡದೆ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ. ದುಃಖದಲ್ಲಿ ಇರುವವರಿಗೆ ಮಂಪರು ಕೊಡಬೇಡಿ, ಜೊತೆ ಕೊಡಿ. ನಿಮ್ಮ ಮನೆಯಲ್ಲಿ ಹಿರಿಯರೊಬ್ಬರು ಹೊತ್ತಲ್ಲದ ಹೊತ್ತಿನಲ್ಲಿ ತೂಕಡಿಸುತ್ತಿದ್ದರೆ, ಈ ಹಾಳೆಯನ್ನು ಕೆಳಗಿಟ್ಟು ಈಗಲೇ ಏಳಿ. ಇಂಥ ಮಾತ್ರೆ ಇದೆಯೇ ಎಂದು ಅವರ ದಿಂಬಿನ ಕೆಳಗೆ ಒಮ್ಮೆ ಕೈಯಾಡಿಸಿ ನೋಡಿ.